ರಾಗಿಕಲ್ಲು ಮತ್ತು ನನ್ನ ಸೊಂಟದ ಕೀಲು

ನಾನು ಹುಟ್ಟಾ ಕುಂಟಿಯಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಏಕೆಂದರೆ ನನ್ನ ನಡಿಗೆ ಕಂಡವರೆಲ್ಲ ಹಾಗೆಂದುಕೊಂಡೇ ಮುಂದೆ ಹೋಗುತ್ತಾರೆ. ಮದ್ದೂರಿನಲ್ಲಿ ನಮ್ಮಪ್ಪ ಪ್ರೈಮರಿ ಸ್ಕೂಲಿನ ಮೇಷ್ಟರು. ಶಿಂಷಾ ಹೊಳೆಯಿಂದ ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ಇಟ್ಟುಕೊಂಡು ಒಂದು ಹನಿ ತುಳುಕದ ಹಾಗೆ ನೀರು ತರುತ್ತಿದ್ದವಳು ನಾನು. ಆ ಸೊಂಟದ ಸಮಾಚಾರವನ್ನೇ ಈಗ ಬರೆಯಲು ಕೂತಿದ್ದೇನೆ. ಹೆಂಗಸರು ಇಂಥದನ್ನೆಲ್ಲ ಬರೆಯಬಾರದು ಎಂದು ನಮ್ಮ ಯಜಮಾನರ ಅಭಿಪ್ರಾಯ. ಅವರಿಗೇನು, ಎರಡು ಕಾಲೂ ಗಟ್ಟಿಯಾಗಿವೆ, ಅಭಿಪ್ರಾಯಗಳೂ ಇರಬಹುದು.

ಹೋದ ತಿಂಗಳು ಮಂಡ್ಯದ ಆಸ್ಪತ್ರೆಗೆ ನೋವಿನ ಎಣ್ಣೆ ತರಲು ಹೋಗಿದ್ದೆ. ಜಗುಲಿಯಲ್ಲಿ ಒಬ್ಬ ಹುಡುಗಿ, ತುಂಬು ಬಸುರಿ, ಗೋಡೆ ಹಿಡಿದುಕೊಂಡು ಅಡ್ಡಡ್ಡಲಾಗಿ ಹೆಜ್ಜೆ ಇಡುತ್ತಿದ್ದಳು. ಕಾಲನ್ನು ಎತ್ತುತ್ತಿರಲಿಲ್ಲ, ನೆಲದ ಮೇಲೆ ತಳ್ಳುತ್ತಿದ್ದಳು. ಅವಳಿಗೆ ಏನಾಗಿದೆ ಎಂದು ಡಾಕ್ಟರಿಗಿಂತ ಮೊದಲು ನನಗೆ ಗೊತ್ತಾಯಿತು. ಕರೆದು ಒಂದು ಮಾತು ಹೇಳಬೇಕೆನ್ನಿಸಿತು, ಆದರೆ ಬಾಯಿ ಬರಲಿಲ್ಲ. ಮನೆಗೆ ಬಂದಮೇಲೆ ಆ ಹುಡುಗಿಯೇ ಕಣ್ಣಿಗೆ ಕಟ್ಟಿದ ಹಾಗಾಗಿ ಪೆನ್ಸಿಲು ಹಿಡಿದೆ.

ನನ್ನನ್ನು ಕೊಟ್ಟಿದ್ದು ಕೆರಗೋಡಿನ ಮಗ್ಗುಲ ಹಳ್ಳಿಗೆ. ನಮ್ಮ ಯಜಮಾನರು ನೀರುಗಂಟಿ, ಅಂದರೆ ನಾಲೆಯ ತೂಬು ತೆಗೆದು ಸರದಿಯ ಪ್ರಕಾರ ಎಲ್ಲರ ಗದ್ದೆಗೂ ನೀರು ಬಿಡುವವರು. ಮನೆಯಲ್ಲಿ ಅವರು, ಅವರ ತಮ್ಮ, ನಮ್ಮತ್ತೆ, ನಾನು. ಅತ್ತೆ ಎಂದಕೂಡಲೆ ಕಾಟ ಕೊಡುವವಳು ಎಂದು ಓದುವವರು ತೀರ್ಮಾನ ಮಾಡಿಬಿಟ್ಟರೆ ಈ ಕಥೆ ದಾರಿ ತಪ್ಪುತ್ತದೆ. ಹಸು ಕರೆದ ದಿನ ಮೊದಲ ಲೋಟ ಹಾಲು ನನಗೆ ಬರುತ್ತಿತ್ತು. ತವರಿನ ನೆನಪಾಗಿ ಅತ್ತರೆ ತಾವೂ ಪಕ್ಕದಲ್ಲಿ ಕೂತು ಅಳುತ್ತಿದ್ದರು, ಯಾತಕ್ಕೆ ಎಂದು ಕೇಳದೆಯೇ.

ನನಗೆ ಮೂರು ತಿಂಗಳೆಂದು ತಿಳಿದ ದಿನ ಅವರು ನನ್ನನ್ನು ರಾಗಿಕಲ್ಲಿನ ಮುಂದೆ ಕೂರಿಸಿದರು.

"ದಿನಾ ಎರಡು ಸೇರು ಬೀಸ್ಬೇಕು ಕಣವ್ವ. ಬಸ್ರಿ ಮೈ ಕೂತ್ರೆ ಕೂತೇಬುಡ್ತದೆ. ಎರಿಗೆ ದಿವ್ಸ ನೀನೇ ನಂಗೆ ಕೈ ಮುಗೀತೀಯೆ, ನೋಡ್ತಿರು."

ಯುದ್ಧದ ಕಾಲ ಅದು. ಎಣ್ಣೆ ಸಿಕ್ಕದೆ ಕೆರಗೋಡಿನ ಹಿಟ್ಟಿನ ಮಿಷನ್ನು ನಿಂತುಹೋಗಿತ್ತು. ಹಾಗಾಗಿ ಮನೆಮನೆಯ ಕಲ್ಲೂ ಮತ್ತೆ ತಿರುಗುತ್ತಿತ್ತು. ಆದರೆ ನನಗೆ ಬೀಸಲು ಹೇಳಿದ್ದು ಹಿಟ್ಟಿಗಾಗಿ ಅಲ್ಲ. ಹಿಟ್ಟು ಸಾಕಾಗುವಷ್ಟು ಇದ್ದ ದಿನವೂ ಬೀಸಬೇಕಿತ್ತು. ಕೋಳಿ ಕೂಗುವ ಹೊತ್ತಿಗೆ ಎದ್ದು, ಒಂದು ಕಾಲು ಮಡಿಸಿ, ಇನ್ನೊಂದನ್ನು ಕಲ್ಲಿನ ಆಚೆಗೆ ಉದ್ದಕ್ಕೆ ಚಾಚಿ, ಗೂಟ ಹಿಡಿದು ತಿರುಗಿಸುವುದು. ನಮ್ಮ ಕಡೆ ಹೆಂಗಸರೆಲ್ಲ ಕೂರುವುದೇ ಹಾಗೆ. ಮೊದಮೊದಲು ಚೆನ್ನಾಗಿಯೇ ಇತ್ತು. ಬೀಸಿದ ಮೇಲೆ ಹಸಿವಾಗುತ್ತಿತ್ತು, ನಿದ್ದೆ ಬರುತ್ತಿತ್ತು.

ಆರನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ, ಚಾಚಿದ ಕಾಲನ್ನು ಹಿಂದಕ್ಕೆ ಎಳೆದುಕೊಳ್ಳುವಾಗ, ಹೊಟ್ಟೆಯ ಕೆಳಗೆ ಮುಂಭಾಗದ ಎಲುಬಿನಲ್ಲಿ ಲಟಕ್ ಎಂದಿತು. ನೋವು ತೊಡೆಯ ಸಂದಿಗೆ ಇಳಿಯಿತು. ಗಾಬರಿಯಾಗಿ ಅತ್ತೆಗೆ ಹೇಳಿದೆ. ಅವರು ಬಂದು ಅಂಗೈಯನ್ನು ಅಲ್ಲಿಟ್ಟು, "ಇನ್ನೊಂದ್ ದಪ ಕಾಲ್ ಆಡ್ಸು" ಎಂದರು. ಆಡಿಸಿದೆ. ಮತ್ತೆ ಲಟಕ್. ಅವರ ಮುಖ ಹೇಗೆ ಅರಳಿತೆಂದರೆ, ಆ ಮುಖ ಈಗಲೂ ನನ್ನ ಕಣ್ಣ ಮುಂದಿದೆ.

"ಎಲುಬು ಬುಟ್ಕತಾ ಅದೆ ಕಣಮ್ಮಿ! ಮಗೀಗೆ ದಾರಿ ಬುಡ್ತಾ ಅದೆ. ಇಷ್ಟು ಬ್ಯಾಗ ಯಾರ್‍ಗೂ ಬುಡಾಕಿಲ್ಲ. ಬೀಸಿದ್ದು ಸಾರ್ಥಕ ಆಯ್ತು."

ನಾನು ನಂಬಿದೆ. ನಂಬಿದ್ದಷ್ಟೇ ಅಲ್ಲ, ಜಂಬಪಟ್ಟೆ. ಅಕ್ಕಪಕ್ಕದ ಹೆಂಗಸರು ನೋಡಲು ಬಂದರು. ನಾನು ಗೋಡೆಗೆ ಒರಗಿ ನಿಂತು ಕಾಲು ಆಡಿಸುವುದು, ಅವರು ಒಬ್ಬೊಬ್ಬರಾಗಿ ಕೈಯಿಟ್ಟು ಶಬ್ದ ಕೇಳುವುದು. ಊರಿನ ಸೂಲಗಿತ್ತಿಯೂ ಬಂದು ಕೈಯಿಟ್ಟು, ಒಳ್ಳೆಯದೇ ಎಂದು ತಲೆಯಾಡಿಸಿದಳು. ಅಂದಿನಿಂದ ಎರಡು ಸೇರು ಮೂರು ಸೇರಾಯಿತು. ಯಾರೂ ಬಲವಂತ ಮಾಡಲಿಲ್ಲ. ನಾನೇ ಮೊರದಲ್ಲಿ ಇನ್ನಷ್ಟು ರಾಗಿ ಸುರಿದುಕೊಳ್ಳುತ್ತಿದ್ದೆ.

ಏಳು ತುಂಬುವ ಹೊತ್ತಿಗೆ ಹೊಸ್ತಿಲು ದಾಟಲಾಗದಾಯಿತು. ಬಾಗಿಲ ಚೌಕಟ್ಟು ಹಿಡಿದು, ಒಂದು ಕಾಲನ್ನು ಕೈಯಿಂದ ಎತ್ತಿ ಆಚೆಗಿಡಬೇಕು. ಮಗ್ಗುಲು ಬದಲಿಸುವಾಗ ಸೀರೆಯ ಸೆರಗನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದೆ. ಯಜಮಾನರಿಗೆ ಹೇಳಿದೆ. ಅವರು ತೂಬಿನ ಮನುಷ್ಯ. ತೂಬು ತೆರೆದರೆ ನೀರು ಬರಲೇಬೇಕು, ಅದರಲ್ಲಿ ಚಿಂತೆ ಮಾಡುವಂಥದು ಏನಿದೆ ಎನ್ನುವ ಹಾಗೆ ನನ್ನನ್ನು ನೋಡಿದರು.

"ತೆರ್ಕತಾ ಅದಂತಲ್ಲ, ಅವ್ವ ಯೋಳ್ತಾವ್ಳೆ. ಸುಮ್ಕಿರು."

ಚೊಚ್ಚಲು ಹೆರಿಗೆ ತವರಿನಲ್ಲಿ ಆಗಬೇಕಲ್ಲ, ಅಪ್ಪ ಕರೆದೊಯ್ಯಲು ಬಂದರು. ಗಾಡಿ ಹತ್ತುವಾಗ ನನಗೆ ಕಾಲೆತ್ತಲು ಆಗದೆ ಇಬ್ಬರು ಹೆಂಗಸರು ಹೊತ್ತು ಹತ್ತಿಸಿದ್ದನ್ನು ನೋಡಿದರು. ಮಂಡ್ಯ ತಲುಪಿದ ಮೇಲೆ ಗಾಡಿಯನ್ನು ರೈಲ್ವೆ ಸ್ಟೇಷನ್ನಿನ ಬದಲು ಆಸ್ಪತ್ರೆಯ ಕಡೆಗೆ ತಿರುಗಿಸಲು ಹೇಳಿದರು.

ಹೆಂಗಸರ ಕಡೆಯ ಜಗುಲಿಯಲ್ಲಿ ಒಂದೇ ಕಲ್ಲುಬೆಂಚು. ಅದರ ಮೇಲೆ ಐದು ಜನ, ನೆಲದ ಮೇಲೆ ಹದಿನೈದು ಜನ. ನೆಲದಲ್ಲಿ ಕೂತರೆ ಏಳಲಾರೆ, ನಿಂತರೆ ನಿಲ್ಲಲಾರೆ. ಹೊಳಲಿನ ಕಡೆಯ ಒಬ್ಬಾಕೆ, ಹೆಸರು ಕೂಡ ಕೇಳಲಿಲ್ಲ ನಾನು, ತನ್ನ ಜಾಗ ಬಿಟ್ಟುಕೊಟ್ಟು, ಕಲ್ಲು ಒತ್ತದ ಹಾಗೆ ತಾನು ಹೊದ್ದಿದ್ದ ಕಂಬಳಿಯನ್ನು ಮಡಿಸಿ ಹಾಸಿದಳು. ಆಮೇಲೆ ನೆಲದ ಮೇಲೆ ನನ್ನ ಮುಂದೆ ಕೂತು, ನನ್ನ ಎರಡು ಮಂಡಿಗಳನ್ನೂ ಜೋಡಿಸಿ ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡಳು. ಹಾಗೆ ಹಿಡಿದರೆ ನೋವು ಕಡಿಮೆಯಾಗುತ್ತದೆ ಎಂದು ಅವಳಿಗೆ ಯಾರು ಹೇಳಿಕೊಟ್ಟಿದ್ದರೋ. ನನ್ನ ಸರದಿ ಬರುವವರೆಗೆ, ಬಿಸಿಲು ಜಗುಲಿಯ ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಬರುವವರೆಗೆ, ಅವಳು ಕೈ ತೆಗೆಯಲಿಲ್ಲ.

ಲೇಡಿ ಡಾಕ್ಟರು ನನ್ನ ಸೊಂಟದ ಎರಡು ಪಕ್ಕಗಳನ್ನೂ ಹಿಡಿದು ಒತ್ತಿದರು. ನಾನು ಕಿರುಚಿದ್ದಕ್ಕೆ ಹೊರಗಿದ್ದ ಅಪ್ಪ ಬಾಗಿಲಿನವರೆಗೆ ಓಡಿ ಬಂದರಂತೆ. ನಾನು ಅಳುತ್ತಲೇ, "ದಾರಿ ಬಿಟ್ಟಿದೆ ಅಲ್ಲವೇ ಡಾಕ್ಟ್ರಮ್ಮ?" ಎಂದು ಕೇಳಿದೆ. ಶಹಬ್ಬಾಸ್ ಎನ್ನುತ್ತಾರೆಂದು ಆಗಲೂ ನನಗೆ ಒಳಗೊಳಗೆ ಆಸೆ.

"ಯಾರು ಹೇಳಿದರು ಹಾಗೆಂದು? ಮುಂದಿನ ಎಲುಬುಗಳ ಕೀಲು ಸಡಿಲವಾಗಿ ಹೋಗಿದೆ. ಬಸುರಿನಲ್ಲಿ ಎಲ್ಲರಿಗೂ ಸ್ವಲ್ಪ ಸಡಿಲವಾಗುತ್ತದೆ, ನಿನ್ನದು ಮಿತಿ ಮೀರಿದೆ. ಏನು ಕೆಲಸ ಮಾಡುತ್ತಿದ್ದೆ?"

ನಾನು ಹೇಳಿದೆ. ಕಾಲು ಹೇಗೆ ಚಾಚುತ್ತೀ ಎಂದು ತೋರಿಸಲು ಹೇಳಿದರು. ತೋರಿಸಿದೆ. ಅವರು ಕಣ್ಣು ಮುಚ್ಚಿಕೊಂಡರು. ಬೈದಿದ್ದರೆ ವಾಸಿಯಾಗಿತ್ತು. ಅಗಲವಾದ ಗಟ್ಟಿಬಟ್ಟೆಯ ಪಟ್ಟಿಯನ್ನು ಸೊಂಟದ ಸುತ್ತ ಬಿಗಿದು ಕಟ್ಟಿ, ಹೆರಿಗೆಯವರೆಗೆ ಮಂಡಿ ಜೋಡಿಸಿಕೊಂಡು ಮಲಗಿರಬೇಕು, ಕಲ್ಲಿನ ಹತ್ತಿರ ಸುಳಿಯಬಾರದು ಎಂದರು.

"ಕೂಡುತ್ತದೆಯೇ?" ಎಂದು ಅಪ್ಪ ಕೇಳಿದರು.

"ಹೇಳಿದ ಹಾಗೆ ಮಲಗಿದರೆ ಕೂಡಬಹುದು. ಬರೆದುಕೊಡಲಾರೆ ಮೇಷ್ಟ್ರೇ."

ಮದ್ದೂರಿನ ಮನೆಯಲ್ಲಿ ಇಪ್ಪತ್ತು ದಿನ ಮಲಗಿದೆ. ಜಂಬ ಹೋದಮೇಲೆ ಉಳಿದದ್ದು ಭಯ ಒಂದೇ. ಆದರೆ ದಿನ ಕಳೆದಂತೆ ನೋವು ಇಳಿಯಿತು. ಲಟಕ್ ಎನ್ನುವುದು ಅಪರೂಪವಾಯಿತು. ನಮ್ಮವ್ವ ನನ್ನ ತಲೆ ಬಾಚಿ, ಊಟ ತಂದು ಕೊಟ್ಟು, ಮಂಡಿಗಳ ಮಧ್ಯೆ ಹಳೆ ಸೀರೆ ಸುತ್ತಿಟ್ಟು ನೋಡಿಕೊಂಡಳು. ಕೂಡುತ್ತಿದೆ ಎಂದು ನನಗೆ ಒಳಗೇ ಗೊತ್ತಾಗುತ್ತಿತ್ತು. ಈ ಇಪ್ಪತ್ತು ದಿನಗಳನ್ನು ನೆನೆದಾಗಲೇ ನನಗೆ ಹೆಚ್ಚು ಹೊಟ್ಟೆ ಉರಿಯುವುದು.

ಇಪ್ಪತ್ತೊಂದನೆಯ ದಿನ ಅತ್ತೆ ಬಂದರು. ಬುಟ್ಟಿಯಲ್ಲಿ ಬೆಲ್ಲ, ಒಂದು ಕುಡಿಕೆ ತುಪ್ಪ. ನಾನು ಮಲಗಿರುವುದನ್ನು ಕಂಡು ಬುಟ್ಟಿ ಇಳಿಸದೆ ಬಾಗಿಲಲ್ಲೇ ನಿಂತರು. ಅವ್ವ ಹೊಳೆಗೆ ಹೋಗಿದ್ದಳು, ಅಪ್ಪ ಸ್ಕೂಲಿಗೆ.

"ಎಷ್ಟ್ ದಿವ್ಸ ಆಯ್ತು ಇಂಗೆ ಮನೀಕೊಂಡು?"

ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಅವರು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ನನ್ನ ಕಾಲ ಬಳಿ ಕೂತು, ನಾನು ಅದುವರೆಗೆ ಕೇಳದ ಮಾತು ಶುರುಮಾಡಿದರು. ನಮ್ಮ ಯಜಮಾನರಿಗೆ ಸಾಕಮ್ಮ ಎಂಬ ಅಕ್ಕ ಇದ್ದರೆಂದು ಗೊತ್ತಿತ್ತು, ಹೋದರೆಂದೂ ಗೊತ್ತಿತ್ತು. ಹೇಗೆಂದು ಆ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ.

"ನಮ್ ಸಾಕಿ ಚೊಚ್ಚಲ ಬಸ್ರಿ ಆಗಿದ್ದಾಗ, ಒಬ್ಳೇ ಮಗ್ಳು ಅಂತ ನಾನು ಒಂದ್ ಕಡ್ಡಿ ಎತ್ತಾಕ್ ಬುಡ್ನಿಲ್ಲ ಕಣವ್ವ. ಇಂಗೇ, ಇದೇ ತರ ಮನುಗ್ಸಿದ್ದೆ. ಮೂರ್ ದಿವ್ಸ ಬ್ಯಾನೆ ತಿಂದ್ಲು. ದಾರಿನೇ ಬುಡ್ನಿಲ್ಲ. ಮಗ ಒಳ್ಗೇ ಓಯ್ತು, ಅವ್ಳೂ ಓದ್ಲು. ಯಾಕವ್ವಾ ನನ್ನ ಬೀಸುಸ್ನಿಲ್ಲ ಅಂತ ನನ್ ಮಕಾನೇ ನೋಡ್ಕಂಡು ಓದ್ಲು."

ಆಮೇಲೆ ಅವರು ನನ್ನ ಎರಡು ಪಾದಗಳನ್ನೂ ಹಿಡಿದುಕೊಂಡರು. ಅತ್ತೆ ಸೊಸೆಯ ಕಾಲು ಹಿಡಿಯುವುದೆಂದರೆ ನಮ್ಮಲ್ಲಿ ಸಣ್ಣ ಮಾತಲ್ಲ.

"ನಿನ್ ದಮ್ಮಯ್ಯ ಕಣವ್ವ. ಇನ್ನೊಬ್ಳ ಎಣ ಎತ್ಲಾರೆ ನಾನು. ಎದ್ದೇಳು."

ಅವರು ನನ್ನ ಕೈ ಹಿಡಿದು ಎಳೆದರೆಂದು ನಮ್ಮವ್ವ ಇವತ್ತಿಗೂ ನಂಬಿದ್ದಾಳೆ. ಅದು ಸುಳ್ಳು. ನಾನೇ ಕೈ ಕೊಟ್ಟೆ. ಡಾಕ್ಟರಮ್ಮ ಕೀಲಿನ ಮಾತಾಡಿದ್ದರು. ಅತ್ತೆ ಸಾವಿನ ಮಾತಾಡಿದರು. ಹತ್ತೊಂಬತ್ತು ವರ್ಷದ ಹುಡುಗಿಗೆ ಯಾವುದು ದೊಡ್ಡದಾಗಿ ಕೇಳಿಸುತ್ತದೆ? ಸೊಂಟದ ಪಟ್ಟಿ ಬಿಚ್ಚಿಟ್ಟು, ಹಿತ್ತಿಲ ಮಾಡಿನಲ್ಲಿದ್ದ ನಮ್ಮವ್ವನ ಕಲ್ಲಿನ ಮುಂದೆ ಕೂತು ಕಾಲು ಚಾಚಿದೆ. ಅತ್ತೆ ಎದುರಿಗೆ ಕೂತು ಅದೇ ಗೂಟಕ್ಕೆ ತಾವೂ ಕೈ ಹಾಕಿದರು. ಅವ್ವ ಹೊಳೆಗೆ ಹೋದ ಹೊತ್ತಿನಲ್ಲಿ ಮೂರು ದಿನ ಹೀಗೆ ಕದ್ದು ಬೀಸಿದೆವು. ಮೂರನೆಯ ದಿನ ಒಳಗೆ ಹಳೆ ಬಟ್ಟೆ ಹರಿದ ಹಾಗೆ ಆಯಿತು. ಚಾಚಿದ ಕಾಲು ಚಾಚಿದಲ್ಲೇ ಉಳಿಯಿತು.

ಅದಾದ ಎರಡು ವಾರಕ್ಕೆ, ಅತ್ತೆ ಇನ್ನೂ ಮದ್ದೂರಿನಲ್ಲೇ ಇರುವಾಗ, ಹೆರಿಗೆ. ನೀರು ಕಾಯುವ ಮೊದಲೇ ಆಗಿಹೋಯಿತು. ಚೊಚ್ಚಲಿಗೆ ಇಷ್ಟು ಸಲೀಸಾದದ್ದನ್ನು ತಾನು ಕಂಡೇ ಇಲ್ಲ ಎಂದಳು ಮದ್ದೂರಿನ ಸೂಲಗಿತ್ತಿ. ಹೆಣ್ಣು ಮಗು, ಗೌರಿ. ಅತ್ತೆ ಅಳುತ್ತಾ ನಗುತ್ತಾ ಬೀದಿಯವರಿಗೆಲ್ಲ ಬೆಲ್ಲ ಹಂಚಿದರು. "ನೋಡ್ದಾ? ನೋಡ್ದಾ ನಾ ಯೋಳಿದ್ದು?" ಎಂದು ನನ್ನ ಗಲ್ಲ ಹಿಡಿದು ಕೇಳಿದರು. ನಾನೂ ನಕ್ಕೆ. ಬದುಕಿದ್ದೆನಲ್ಲ.

ಹನ್ನೊಂದನೆಯ ದಿನದ ನೀರಿಗೆ ನನ್ನನ್ನು ಎತ್ತಿ ನಿಲ್ಲಿಸಿದರು. ಬಲಗಾಲಿಗೂ ಎಡಗಾಲಿಗೂ ಸಂಬಂಧವೇ ಇಲ್ಲದ ಹಾಗೆ ಒಂದೊಂದು ಒಂದೊಂದು ಕಡೆ ಹೋದವು. ಬಿದ್ದೆ. ಬಾಣಂತಿಯ ನಿಶ್ಶಕ್ತಿ ಎಂದರು. ತಿಂಗಳಾದಮೇಲೆ ಬಿದ್ದಾಗ ಯಾರೂ ಏನೂ ಅನ್ನಲಿಲ್ಲ.

ಮೂರು ತಿಂಗಳಿಗೆ ಅದೇ ಡಾಕ್ಟರಮ್ಮನ ಮುಂದೆ ನನ್ನನ್ನು ಹೊತ್ತುಕೊಂಡು ಹೋದರು. ಈ ಸಲ ಅತ್ತೆಯೂ ಇದ್ದರು. ಡಾಕ್ಟರು ಮುಟ್ಟಿ ನೋಡಿ, "ಎರಡೆಲುಬಿನ ನಡುವೆ ನನ್ನ ಹೆಬ್ಬೆರಳು ಹೋಗುತ್ತದೆ. ಇನ್ನು ಇದು ಕೂಡುವುದಿಲ್ಲಮ್ಮ. ಇನ್ನೊಂದು ಮಗುವಿನ ಯೋಚನೆಯೂ ಬೇಡ" ಎಂದರು. ಅತ್ತೆ ಕೆಳಗೆ ನೆಲ ನೋಡುತ್ತಿದ್ದರು. ಗಾಡಿಯಲ್ಲಿ ವಾಪಸು ಬರುವಾಗ ಇಡೀ ದಾರಿ ಗೌರಿಯನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದರು.

ಆಮೇಲಿನ ವರ್ಷಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಎರಡು ವರ್ಷ ಕೂತುಕೊಂಡೇ ತೆವಳಿದೆ. ಗೌರಿ ನನ್ನನ್ನೇ ನೋಡಿ ಕಲಿತು, ಅಂಬೆಗಾಲಿಡದೆ ನನ್ನ ಹಾಗೆ ಕೂತೇ ಜರುಗುತ್ತಿದ್ದಳು. ಅದನ್ನು ಕಂಡ ದಿನ ನಾನು ಸಾಯಬೇಕೆಂದುಕೊಂಡೆ. ಅತ್ತೆ ಅವಳ ತೋಳು ಹಿಡಿದು ನಿಲ್ಲಿಸಿ, ಅಂಗಳದ ತುಂಬ ನಡೆಸಿ ನಡೆಸಿ ಕಲಿಸಿದರು. ನನ್ನನ್ನು ಹಿತ್ತಿಲಿಗೆ ಹೊತ್ತುಕೊಂಡು ಹೋದದ್ದು, ತೊಳೆದದ್ದು, ಎಣ್ಣೆ ತಿಕ್ಕಿದ್ದು ಎಲ್ಲ ಅವರೇ. ಮೂರನೆಯ ವರ್ಷ ಕೋಲು ಹಿಡಿದು ನಿಂತೆ. ಈಗ ಅಂಗಳದಿಂದ ಬಾವಿಯವರೆಗೆ ಹೋಗುತ್ತೇನೆ, ಬಾತುಕೋಳಿಯ ಹಾಗೆ. ಇಷ್ಟೆಲ್ಲ ಮಾಡಿದ ಅತ್ತೆ, ತಪ್ಪಾಯಿತು ಎಂಬ ಒಂದು ಮಾತನ್ನು ಮಾತ್ರ ಆಡಲಿಲ್ಲ. ನಾನು ಅದಕ್ಕಾಗಿ ಕಾಯುತ್ತಿದ್ದೆ. ಕಾಲಿಗಿಂತ ಹೆಚ್ಚಾಗಿ ಅದಕ್ಕೇ ಕಾಯುತ್ತಿದ್ದೆ ಎಂದರೂ ತಪ್ಪಿಲ್ಲ.

ಮೈದುನನ ಮದುವೆಯಾಯಿತು. ಮಳವಳ್ಳಿಯ ಕಡೆಯ ಹುಡುಗಿ, ಜಯಮ್ಮ. ಊರಿನ ತುಂಬ ಸ್ವಾತಂತ್ರ್ಯದ ಮಾತು ತುಂಬಿದ್ದ ಆ ವರ್ಷ ಅವಳು ಬಸುರಿಯಾದಳು. ತಾಯಿಯಿಲ್ಲದ ಹುಡುಗಿ, ಹೆರಿಗೆ ನಮ್ಮಲ್ಲೇ ಆಗಬೇಕು. ಅವಳಿಗೆ ಬೀಸು ಎಂದಾಗಲಿ ಮಲಗು ಎಂದಾಗಲಿ ಅತ್ತೆ ಹೇಳಲಿಲ್ಲ. ಮಿಷನ್ನು ಮತ್ತೆ ಓಡುತ್ತಿದ್ದರೂ ಹುಡುಗಿ ತಾನಾಗಿಯೇ ಆಗಾಗ ಕಲ್ಲಿನ ಮುಂದೆ ಕೂರುತ್ತಿದ್ದಳು, ಅವರ ಊರಿನಲ್ಲೂ ಅದೇ ನಂಬಿಕೆ. ಏಳನೆಯ ತಿಂಗಳಲ್ಲಿ ಒಂದು ದಿನ ನಗುತ್ತಾ ನನ್ನ ಹತ್ತಿರ ಬಂದಳು.

"ಅಕ್ಕ, ಇಲ್ಲಿ ಕೈ ಮಡುಗ್ರಿ. ಕಾಲ್ ಆಡ್ಸುದ್ರೆ ಲಟಕ್ ಅಂತದೆ."

ಕೈಯಿಟ್ಟೆ. ಅಂದಿತು. ಅತ್ತೆ ಮೊರ ಹಿಡಿದು ಅಲ್ಲೇ ನಿಂತಿದ್ದರು. ಅವರು ಹುಡುಗಿಯ ಹೊಟ್ಟೆ ನೋಡಲಿಲ್ಲ, ನನ್ನ ಮುಖ ನೋಡಿದರು.

"ಇವತ್ತಿಂದ ಬೀಸ್ಬ್ಯಾಡ ಕಣಮ್ಮಿ," ಎಂದೆ ನಾನು. "ಮಂಡಿ ಜೋಡ್ಸ್ಕಂಡು ಮನೀಕೊ. ಬೇಕಾದ್ರೆ ನನ್ ಕಾಲ್ ನೋಡು."

ನನ್ನ ಪಟ್ಟಿಯನ್ನೇ ಅವಳ ಸೊಂಟಕ್ಕೆ ಬಿಗಿದೆ. ಎರಡು ತಿಂಗಳು ಜಯಮ್ಮ ಮಲಗಿದಳು. ಆ ಎರಡು ತಿಂಗಳೂ ಅತ್ತೆ ಸರಿಯಾಗಿ ಊಟ ಮಾಡಲಿಲ್ಲ. ಮಲಗಿದವಳನ್ನು ಬಾಗಿಲಲ್ಲಿ ನಿಂತು ನೋಡುವುದು, ಸಾಕಮ್ಮನನ್ನು ಕಂಡ ಹಾಗೆ ನೋಡುವುದು, ಏನೋ ಹೇಳಲು ಬಾಯಿ ತೆರೆಯುವುದು, ನನ್ನ ಕೋಲಿನ ಸದ್ದು ಕೇಳಿ ಮುಚ್ಚಿಕೊಳ್ಳುವುದು. ಎದ್ದೇಳು ಎಂದು ಒಂದು ಸಲವೂ ಅನ್ನಲಿಲ್ಲ.

ನೋವು ಶುರುವಾಗಿ ಎರಡನೆಯ ದಿನಕ್ಕೂ ಮಗು ಬಾರದೆ ಜಯಮ್ಮನನ್ನು ಮಂಡ್ಯಕ್ಕೆ ಕರೆದುಕೊಂಡು ಹೋದೆವು. ಗಂಡುಮಗು. ಸತ್ತು ಹುಟ್ಟಿತು. ಹೊಕ್ಕುಳ ಬಳ್ಳಿ ಕೊರಳಿಗೆ ಸುತ್ತಿಕೊಂಡಿತ್ತು, ಮಲಗಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದರು ಡಾಕ್ಟರಮ್ಮ. ನಾನು ಎರಡು ಸಲ ಕೇಳಿದೆ, ಎರಡು ಸಲವೂ ಅದನ್ನೇ ಹೇಳಿದರು. ಜಯಮ್ಮನ ಕೀಲು ಕೂಡಿತು. ಹದಿನೈದನೆಯ ದಿನ ಅವಳು ನೆಟ್ಟಗೆ ನಡೆದುಕೊಂಡು ಬಾವಿಗೆ ಹೋದಳು, ನೆಟ್ಟಗೆ ನಡೆದುಕೊಂಡು ನನ್ನ ಮುಂದೆ ಹಾದುಹೋದಳು. ನನ್ನ ಜೊತೆ ಮಾತಾಡಲಿಲ್ಲ. ಇನ್ನೂ ಮಾತಾಡಿಲ್ಲ. ಡಾಕ್ಟರಮ್ಮ ಹೇಳಿದ್ದನ್ನು ನಮ್ಮ ಮನೆಯಲ್ಲಿ ಯಾರೂ ನಂಬಿಲ್ಲ. ಕೆಲವು ದಿನ ನಾನೂ ನಂಬುವುದಿಲ್ಲ.

ಅವತ್ತು ಜಯಮ್ಮ ಹಾದುಹೋದಮೇಲೆ ಅತ್ತೆ ಬಂದು ನನ್ನ ಪಕ್ಕ ಕೂತರು. ಬಹಳ ಹತ್ತಿರ, ಭುಜಕ್ಕೆ ಭುಜ ತಗುಲುವ ಹಾಗೆ. ಎಲೆ ಅಡಿಕೆ ಚೀಲ ತೆಗೆದರು, ಬಿಚ್ಚಲಿಲ್ಲ.

"ನೀನು ಒಳ್ಳೇದ್ಕೇ ಅಲ್ವಾ ಯೋಳಿದ್ದು?"

"ಊಂ ಕಣತ್ತೆ."

"ನಾನೂ ಅಂಗೇ ಕಣವ್ವ."

ತಪ್ಪಾಯಿತು ಎಂದು ಇಷ್ಟು ವರ್ಷ ನಾನು ಕಾಯುತ್ತಿದ್ದ ಮಾತು ಅವರ ಬಾಯಲ್ಲಿ ಬಂದದ್ದು ಹೀಗೆ. ಬಂದಾಗ ನನಗೆ ಅದರಿಂದ ಏನೂ ಉಪಯೋಗವಾಗಲಿಲ್ಲ. ನಾನು ಅವರ ಮಡಿಲಲ್ಲಿ ತಲೆಯಿಟ್ಟು ಅತ್ತುಬಿಟ್ಟೆ. ಅವರೂ ಅತ್ತರು, ಯಾತಕ್ಕೆ ಎಂದು ಕೇಳದೆಯೇ.

ಆಸ್ಪತ್ರೆಯ ಜಗುಲಿಯ ಆ ಹುಡುಗಿಗೆ ನಾನು ಏನು ಹೇಳಲಿ? ಅವತ್ತು ಎದ್ದು ನನ್ನ ಜಾಗ ಬಿಟ್ಟುಕೊಟ್ಟೆ, ಅಷ್ಟೇ. ಹೊದ್ದಿದ್ದ ಶಾಲು ಮಡಿಸಿ ಕಲ್ಲುಬೆಂಚಿನ ಮೇಲೆ ಹಾಸಿದೆ. ಕೆಳಗೆ ಕೂರಲು ನನಗೆ ಆಗುವುದಿಲ್ಲ, ಆದ್ದರಿಂದ ಕೋಲನ್ನು ಗೋಡೆಗೆ ಒರಗಿಸಿ, ಬಗ್ಗಿ, ಅವಳ ಎರಡು ಮಂಡಿಗಳನ್ನೂ ಜೋಡಿಸಿ ಹಿಡಿದುಕೊಂಡೆ. ಅವಳು ಉಸಿರು ಬಿಟ್ಟಳು.

"ಇದು ವಾಸಿ ಆಯ್ತದಾ ಅಕ್ಕ?" ಎಂದಳು.

ನಾನು ಅವಳ ಮಂಡಿಗಳನ್ನು ಇನ್ನಷ್ಟು ಒತ್ತಿ ಜೋಡಿಸಿದೆ. ಅವಳ ಹೆಸರು ಕೂಗುವವರೆಗೂ ಹಾಗೇ ಹಿಡಿದುಕೊಂಡಿದ್ದೆ.